ಕನ್ನಡ ಕ್ಲಾಸಿಗೆ ಯಾವ ಕೋಚಿಂಗ್? ಬಿಆರ್‌ಸಿ ತರಬೇತಿಯಿಂದ ವಾಟ್ಸಾಪ್ ತನಕ ಒಂದು ಹೋಲಿಕೆ

ನಿಮ್ಮ ಶಾಲೆಯ ನಾಲ್ಕನೇ ತರಗತಿಯಲ್ಲಿ ಒತ್ತಕ್ಷರ ಬಂದ ಕೂಡಲೇ ನಿಂತುಬಿಡುವ ಮಕ್ಕಳು ಯಾರ್ಯಾರು? ಹೆಸರು ಹೇಳಿ ನೋಡೋಣ.

ತುಮಕೂರು ಜಿಲ್ಲೆಯ ಒಂದು ಕ್ಲಸ್ಟರಿನಲ್ಲಿ (ಅಕ್ಕಪಕ್ಕದ ಶಾಲೆಗಳ ಗುಂಪು) ಸಿಆರ್‌ಪಿ, ಅಂದರೆ ಶಿಕ್ಷಕರಿಗೆ ನೆರವಾಗುವ ಸಂಪನ್ಮೂಲ ವ್ಯಕ್ತಿ ಆಗಿದ್ದಾಗ ಈ ಪ್ರಶ್ನೆಯನ್ನು ತುಂಬ ಜನರಿಗೆ ಕೇಳಿದ್ದೇನೆ. ತಕ್ಷಣ ಹೆಸರು ಹೇಳಿದವರು ಕಮ್ಮಿ. ಮಾಹಿತಿಗೇನೂ ಬರ ಇರಲಿಲ್ಲ. ಪ್ರತಿ ಮಗುವಿಗೂ ವರ್ಷದ ನಡುನಡುವಿನ ನಾಲ್ಕು ಎಫ್‌ಎ, ಅರ್ಧವರ್ಷದ ಕೊನೆಯ ಎರಡು ಎಸ್‌ಎ ಪರೀಕ್ಷೆಗಳ ಅಂಕ ಇರುತ್ತಿತ್ತು. ಜೂನ್‌ನಲ್ಲಿ ಹಿಂದಿನ ತರಗತಿಯ ಕಲಿಕೆ ನೋಡುವ ಸೇತುಬಂಧದ ಪರೀಕ್ಷೆ ಬೇರೆ. ಅದೆಲ್ಲ ಇಲಾಖೆಯ ಆನ್‌ಲೈನ್ ದಾಖಲೆಯಾದ ಸ್ಯಾಟ್ಸ್‌ಗೆ ಏರುತ್ತಿತ್ತು, ಎಕ್ಸೆಲ್‌ಗೆ ಏರುತ್ತಿತ್ತು, ಕೊನೆಗೆ ಯಾರದೋ ಗೂಗಲ್ ಫಾರ್ಮ್‌ಗೂ ಏರುತ್ತಿತ್ತು. ಆದರೆ ನಾಳೆ ಕನ್ನಡ ಪೀರಿಯಡ್ಡಿನಲ್ಲಿ ಯಾವ ಮಗುವಿನ ಪಕ್ಕ ಕೂರಬೇಕು ಅನ್ನೋದು ಆ ಅಂಕಿಗಳಿಂದ ಗೊತ್ತಾಗುತ್ತಿರಲಿಲ್ಲ.

ಈ ಬರಹ ಹೆಚ್‌ಎಂಗಳಿಗೆ (ಮುಖ್ಯಶಿಕ್ಷಕರಿಗೆ), ಸಿಆರ್‌ಪಿ, ತಾಲ್ಲೂಕು ಮಟ್ಟದ ಬಿಆರ್‌ಪಿಗಳಿಗೆ, ಸರ್ಕಾರಿ ಶಾಲೆಗಳ ಜೊತೆ ಕೆಲಸ ಮಾಡುವ ಸಂಸ್ಥೆಯವರಿಗೆ. ಕನ್ನಡ ಹೇಳಿಕೊಡುವ ಶಿಕ್ಷಕರು ಮೊಬೈಲು, ಲ್ಯಾಪ್‌ಟಾಪು, ಮಕ್ಕಳ ಕಲಿಕೆಯ ಮಾಹಿತಿ ಇವುಗಳನ್ನು ಪಾಠಕ್ಕೆ ಬಳಸಿಕೊಳ್ಳಬೇಕು ಅಂತ ನಿಮಗೆ ಆಸೆ ಇದೆ. ಅದಕ್ಕೆ ಅವರ ಜೊತೆ ಯಾರಾದರೂ ನಿಲ್ಲಬೇಕು. ಹೇಗೆ ನಿಲ್ಲಬೇಕು ಅನ್ನೋದೇ ಆಯ್ಕೆಯ ಪ್ರಶ್ನೆ. ಹೀಗೆ ಶಿಕ್ಷಕರ ಜೊತೆ ನಿಲ್ಲೋದನ್ನೇ ಕೋಚಿಂಗ್ ಅನ್ನುತ್ತಾರೆ. ಆ ಮಾತು ಕೇಳಿದರೆ ಟ್ಯೂಷನ್ ಸೆಂಟರ್ ನೆನಪಾಗುತ್ತದೆ, ಗೊತ್ತು. ಆದರೆ ನಮ್ಮಲ್ಲಿ ಈಗ ಓಡಾಡುತ್ತಿರುವ ಮಾತು ಅದೇ ಆದ್ದರಿಂದ ಅದನ್ನೇ ಬಳಸುತ್ತೇನೆ.

ಹೋಲಿಸಲು ನಾನು ಇಟ್ಟುಕೊಂಡಿರುವ ಅಳತೆ ಒಂದೇ. ಮಗು ಓದಿದ ಹೊತ್ತಿಗೂ ಆ ಓದಿನ ಬಗ್ಗೆ ಶಿಕ್ಷಕರ ಜೊತೆ ಮಾತು ನಡೆಯುವ ಹೊತ್ತಿಗೂ ಎಷ್ಟು ದೂರ? ಒಂದು ಗಂಟೆಯಾ, ಒಂದು ವಾರವಾ, ಒಂದು ವರ್ಷವಾ? ಖರ್ಚು, ಅನುಕೂಲ ಎಲ್ಲ ಆಮೇಲೆ.

ಬಿಆರ್‌ಸಿ ತರಬೇತಿ

ಎಲ್ಲರಿಗೂ ಗೊತ್ತಿರುವ ದಾರಿ. ಜಿಲ್ಲೆಯಲ್ಲಿ ಎಂಆರ್‌ಪಿಗಳಿಗೆ (ಶಿಕ್ಷಕರಿಗೆ ಕಲಿಸುವ ತರಬೇತುದಾರರಿಗೆ) ತರಬೇತಿ, ಅವರಿಂದ ತಾಲ್ಲೂಕಿನಲ್ಲಿ ನಮಗೆ. ಓಓಡಿ (ಅನ್ಯ ಕರ್ತವ್ಯದ ರಜೆ) ಹಾಕಿಸಿಕೊಂಡು ಮೂರು ದಿನ ತಾಲ್ಲೂಕಿನ ಸಂಪನ್ಮೂಲ ಕೇಂದ್ರವಾದ ಬಿಆರ್‌ಸಿಗೆ ಹೋಗುತ್ತೇವೆ. ಹನ್ನೊಂದಕ್ಕೆ ಟೀ, ಪ್ರೊಜೆಕ್ಟರ್‌ನಲ್ಲಿ ಸ್ಲೈಡು, ಸಂಜೆ ಹಾಜರಾತಿ ಸಹಿ. ವ್ಯಂಗ್ಯ ಮಾಡುತ್ತಿಲ್ಲ. ಇಂಥ ತರಬೇತಿಯಲ್ಲೇ ನಾನು ಯೂನಿಕೋಡ್‌ನಲ್ಲಿ ಕನ್ನಡ ಟೈಪ್ ಮಾಡೋದು ಕಲಿತೆ. ಒಂದು ಹೊಸ ಸಾಧನವನ್ನು ಐವತ್ತು ಜನಕ್ಕೆ ಒಟ್ಟಿಗೆ ಪರಿಚಯ ಮಾಡಿಸಲು, ಫಾರ್ಮ್ ತುಂಬೋದು ತೋರಿಸಲು, ಎಲ್ಲರ ಮೊಬೈಲಿನಲ್ಲೂ ಒಂದೇ ಕೀಬೋರ್ಡ್ ಹಾಕಿಸಲು ಇದಕ್ಕಿಂತ ಅಗ್ಗದ ದಾರಿ ಇಲ್ಲ.

ಆದರೆ ನನ್ನ ಅಳತೆಯಲ್ಲಿ ಇದು ಸೋಲುತ್ತದೆ. ಆ ಹಾಲ್‌ನಲ್ಲಿ ಮಕ್ಕಳೇ ಇಲ್ಲ. ಸ್ಲೈಡಿನಲ್ಲಿ ಇರೋದು ಯಾವುದೋ ಕಲ್ಪನೆಯ ಶಾಲೆಯ ಅಂಕಪಟ್ಟಿ. ಎಕ್ಸೆಲ್‌ನಲ್ಲಿ ಬಾರ್ ಚಾರ್ಟ್ ಮಾಡಲು ನಾನು ಎರಡು ಸಲ ಕಲಿತಿದ್ದೇನೆ, ಎರಡು ಸಲವೂ ಹದಿನೈದು ದಿನದಲ್ಲಿ ಮರೆತಿದ್ದೇನೆ. ಬಳಸುವ ಸಂದರ್ಭವೇ ಬರಲಿಲ್ಲ.

ಇದರ ಬಗ್ಗೆ ದಕ್ಷಿಣ ಆಫ್ರಿಕಾದಲ್ಲಿ ಒಂದು ಒಳ್ಳೆಯ ಪರೀಕ್ಷೆ ನಡೆದಿದೆ. ಅದೂ ನಮ್ಮ ಕನ್ನಡದ ಹಾಗೇ ಮಕ್ಕಳ ಮನೆಮಾತಾದ ಸೆಟ್ಸ್ವಾನಾ ಓದಿನ ಬಗ್ಗೆ. ಅಲ್ಲಿನ ನಾರ್ತ್ ವೆಸ್ಟ್ ಪ್ರಾಂತ್ಯದ ಕೆಲವು ಶಾಲೆಗಳ ಶಿಕ್ಷಕರನ್ನು ಒಂದು ಕಡೆ ಸೇರಿಸಿ ತರಬೇತಿ ಕೊಟ್ಟರು. ಇನ್ನು ಕೆಲವು ಶಾಲೆಗಳಿಗೆ ಕೋಚ್‌ಗಳೇ ತರಗತಿಗೆ ಹೋದರು. ಎರಡು ವರ್ಷ ಆದ ಮೇಲೆ ಮಕ್ಕಳ ಓದು ಅಳೆದರೆ, ತರಬೇತಿಯಿಂದ ಆದ ಪ್ರಗತಿ 0.12 ಮಾನಕ ವಿಚಲನೆ (ಅಂಕಗಳ ಹರಡಿಕೆಗೆ ಹೋಲಿಸಿ ಪ್ರಗತಿ ಅಳೆಯುವ ಲೆಕ್ಕ), ತರಗತಿ ಕೋಚಿಂಗ್‌ನಿಂದ 0.24. ಅಂದರೆ ಎರಡು ಪಟ್ಟು. ಕಾರಣ ಇನ್ನೂ ಸ್ವಾರಸ್ಯವಾಗಿದೆ. ಶಿಕ್ಷಕರು ಮಕ್ಕಳನ್ನು ಚಿಕ್ಕ ಚಿಕ್ಕ ಗುಂಪು ಮಾಡಿ ಓದಿಸಲು ಶುರು ಮಾಡಿದ್ದರು. ಗುಂಪು ಮಾಡಬೇಕು ಅಂತ ಹಾಲ್‌ನಲ್ಲಿ ಕೂತು ಒಪ್ಪಿಕೊಳ್ಳೋದು ಸುಲಭ. ಮೂವತ್ತು ಮಕ್ಕಳ ಗಲಾಟೆಯ ನಡುವೆ ಮಾಡೋದು ಬೇರೆ. ಆಗ ಪಕ್ಕದಲ್ಲಿ ಒಬ್ಬರು ಬೇಕು.

ತರಗತಿ ಭೇಟಿ

ನನ್ನ ಪಕ್ಷಪಾತ ಇರೋದು ಇಲ್ಲೇ. ಯಾಕೆ ಅಂತ ಹೇಳಲು ಒಂದು ದಿನದ ಕಥೆ ಹೇಳಬೇಕು.

ಬೆಟ್ಟದ ಬುಡದ ಒಂದು ಶಾಲೆ. ನಾಲ್ಕನೇ ತರಗತಿ, 23 ಮಕ್ಕಳು. ಮೇಡಂ ಬಾಗಿಲಲ್ಲೇ ಹೇಳಿದರು: "ಸರ್, ಇವರಲ್ಲಿ ಆರು ಜನಕ್ಕೆ ಓದೋಕೇ ಬರಲ್ಲ." ಆ ಆರೂ ಜನರನ್ನು ಒಬ್ಬೊಬ್ಬರನ್ನಾಗಿ ಜಗಲಿಗೆ ಕರೆದು, ಮೂರನೇ ತರಗತಿ ಮಟ್ಟದ ಎಂಟು ಸಾಲು ಓದಿಸಿದೆವು. ಮೇಡಂ ಮೊಬೈಲಿನಲ್ಲೇ ರೆಕಾರ್ಡಿಂಗ್. ನಾನು ಒಂದು ರೂಲ್ ಹಾಳೆಯಲ್ಲಿ ಮೂರು ಕಲಂ ಎಳೆದೆ. ಎಲ್ಲಿ ನಿಂತರು, ಏನು ಓದಿದರು, ಅರ್ಥ ಹೇಳಿದರಾ. ಅಷ್ಟೇ.

ಇಬ್ಬರಿಗೆ ಕಾಗುಣಿತವೇ ಗಟ್ಟಿ ಇರಲಿಲ್ಲ. "ಕೆರೆ", "ಕೇರಿ" ಎರಡೂ ಅವರಿಗೆ ಒಂದೇ. ಮೂವರು ಸರಾಗವಾಗಿ ಓದುತ್ತಿದ್ದರು, ಒತ್ತಕ್ಷರ ಬರುವ ತನಕ. ಅದರಲ್ಲೂ "ಅಕ್ಕ", "ಬೆಲ್ಲ" ಬಂದರೆ ತೊಂದರೆ ಇಲ್ಲ. "ಪುಸ್ತಕ", "ರಾತ್ರಿ" ಬಂದರೆ ನಿಲ್ಲುತ್ತಿದ್ದರು. "ಸೂರ್ಯ" ಪದವನ್ನು ಒಬ್ಬ ಹುಡುಗ "ಸೂಯರ" ಅಂದ. ಅವನದು ತಪ್ಪು ಅನ್ನೋಕೂ ಮನಸ್ಸು ಬರಲಿಲ್ಲ. ಅರ್ಕಾವೊತ್ತು ಬರೆಯೋದು ಅಕ್ಷರದ ಆಮೇಲೆ, ಓದೋದು ಮೊದಲು. ಅವನು ಕಣ್ಣಿಗೆ ಕಂಡ ಕ್ರಮದಲ್ಲಿ ಓದಿದ್ದ.

ಆರನೆಯವಳು ಬಾಯೇ ಬಿಡಲಿಲ್ಲ. ಮೇಡಂ ಮೊಬೈಲನ್ನು ಅವಳ ಕೈಗೇ ಕೊಟ್ಟು, "ನೀನೇ ಕಂಬದ ಹತ್ರ ಹೋಗಿ ಓದ್ಕೊಂಡು ಬಾರಮ್ಮ" ಅಂದರು. ಎರಡು ನಿಮಿಷ ಬಿಟ್ಟು ಬಂದಳು. ಪ್ಲೇ ಮಾಡಿದರೆ ಪಿಸುದನಿಯಲ್ಲಿ ಎಂಟೂ ಸಾಲು, ಒಂದೂ ತಪ್ಪಿಲ್ಲ. ಮೇಡಂ ಎರಡು ಸಲ ಕೇಳಿದರು. "ಇವಳಾ?" ಅಂದರು. ಅವಳಿಗೆ ಓದೋಕೆ ಬರುತ್ತಿತ್ತು. ಜೋರಾಗಿ ಓದೋಕೆ ಬರುತ್ತಿರಲಿಲ್ಲ.

"ಓದೋಕೆ ಬರಲ್ಲ" ಅನ್ನೋ ಒಂದು ಗುಂಪು ಅರ್ಧ ಗಂಟೆಯಲ್ಲಿ ಮೂರು ಬೇರೆ ಬೇರೆ ಕೆಲಸ ಆಯಿತು. ಬಿಸಿಯೂಟದ ಹೊತ್ತಿಗೆ ಮರುದಿನದ ಪಾಠ ಸಿದ್ಧ. ಇಬ್ಬರಿಗೆ ಕಾಗುಣಿತದ ಮಿಂಚುಪಟ್ಟಿ (ಫ್ಲ್ಯಾಶ್ ಕಾರ್ಡ್). ಮೂವರಿಗೆ ಒತ್ತಕ್ಷರದ ಪದಗಳಿರುವ ಚಿಕ್ಕ ಕಥೆ. ಆ ಹುಡುಗಿಗೆ ದಿನಾ ಒಂದು ರೆಕಾರ್ಡಿಂಗ್, ವಾರದ ಕೊನೆಗೆ ಪಕ್ಕದವಳಿಗೆ ಓದಿ ಹೇಳೋದು. ತಂತ್ರಜ್ಞಾನ ಅಂದರೆ ಅವತ್ತು ಒಂದು ಮೊಬೈಲಿನ ವಾಯ್ಸ್ ರೆಕಾರ್ಡರ್. ಡೇಟಾ ಅಂದರೆ ಒಂದು ರೂಲ್ ಹಾಳೆ.

ಕೀನ್ಯಾದಲ್ಲಿ ಇದನ್ನೇ ದೇಶದ ಮಟ್ಟದಲ್ಲಿ ಮಾಡಿದ್ದಾರೆ. ಮಕ್ಕಳ ಓದು ಸುಧಾರಿಸುವ ಅಲ್ಲಿನ ತುಸೋಮೆ ಕಾರ್ಯಕ್ರಮದಲ್ಲಿ ನಮ್ಮ ಸಿಆರ್‌ಪಿಗಳಂಥವರಿಗೆ ಟ್ಯಾಬ್ ಕೊಟ್ಟರು. ಪಾಠ ನೋಡಬೇಕು, ಆಮೇಲೆ ಯಾರಾದರೂ ಮೂರು ಮಕ್ಕಳನ್ನು ಓದಿಸಿ ನೋಡಬೇಕು, ನಂತರ ಶಿಕ್ಷಕರ ಜೊತೆ ಕೂತು ಮಾತಾಡಬೇಕು. ಮೂರೇ ಮಕ್ಕಳು ಅನ್ನೋದು ಜಾಣತನ. ಇಡೀ ತರಗತಿಯನ್ನು ಪರೀಕ್ಷೆ ಮಾಡಲು ಹೊರಟರೆ ಮಾತಿಗೆ ಸಮಯವೇ ಉಳಿಯೋದಿಲ್ಲ.

ಈಗ ತೊಂದರೆಗಳು. ಮೊದಲನೆಯದು ಸಮಯ. ನನ್ನ ಕ್ಲಸ್ಟರಿನಲ್ಲಿ 17 ಶಾಲೆ, ಕನ್ನಡ ಹೇಳಿಕೊಡುವವರು ನಲವತ್ತಕ್ಕೂ ಜಾಸ್ತಿ. ಸಭೆ, ಸಮವಸ್ತ್ರ, ಪಠ್ಯಪುಸ್ತಕ ಹಂಚಿಕೆ, ಪರೀಕ್ಷೆ ಕೆಲಸ ಎಲ್ಲ ಕಳೆದು ತಿಂಗಳಿಗೆ ಕೈಗೆ ಸಿಗುತ್ತಿದ್ದದ್ದು ಎಂಟೊಂಬತ್ತು ದಿನ. ದಿನಕ್ಕೆ ಇಬ್ಬರನ್ನು ನೋಡಿದರೂ ಒಬ್ಬರ ಸರದಿ ಮತ್ತೆ ಬರುವ ಹೊತ್ತಿಗೆ ಎರಡು ತಿಂಗಳು ದಾಟುತ್ತದೆ. ಎರಡು ತಿಂಗಳಿಗೊಮ್ಮೆ ಮುಖ ತೋರಿಸೋದು ಕೋಚಿಂಗ್ ಅಲ್ಲ, ಸುಮ್ನೆ ನೆಂಟರ ಭೇಟಿ. ನಾನು ಕೊನೆಗೆ ಮಾಡಿದ್ದು, ಒಂದು ಅವಧಿಗೆ ಎಂಟೇ ಶಿಕ್ಷಕರು, ಹದಿನೈದು ದಿನಕ್ಕೊಮ್ಮೆ. "ನಮ್ ಶಾಲೆಗ್ಯಾಕೆ ಬರಲ್ಲ ಸರ್" ಅಂತ ಉಳಿದ ಹೆಚ್‌ಎಂಗಳು ಕೇಳಿದರು. ಕೇಳಲಿ ಅಂತ ಬಿಟ್ಟೆ. ಎಂಟು ಜನರನ್ನು ಆರಿಸುವಾಗ "ವೀಕ್" ಅನ್ನಿಸಿಕೊಂಡವರನ್ನು ಮೊದಲು ಹಿಡಿಯಬೇಡಿ. ಆಸಕ್ತಿ ಇರುವವರಿಂದ ಶುರು ಮಾಡಿ. ಇಲ್ಲವಾದರೆ ನೀವು ಬರುವುದೇ ಶಿಕ್ಷೆ ಅಂತ ಹೆಸರಾಗುತ್ತದೆ.

ಇದು ನನ್ನೊಬ್ಬನ ಅನುಭವವೂ ಅಲ್ಲ. ಅಮೆರಿಕದ ಸಂಶೋಧಕ ಮ್ಯಾಥ್ಯೂ ಕ್ರಾಫ್ಟ್ ಮತ್ತು ಜೊತೆಯವರು 2018ರಲ್ಲಿ ಕೋಚಿಂಗ್ ಬಗೆಗಿನ 60 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಬಹುಪಾಲು ಅಮೆರಿಕದವು, ಹೆಚ್ಚಿನವು ಓದು-ಬರಹದ್ದೇ. ಪಾಠ ಮಾಡುವ ರೀತಿಯೂ ಸುಧಾರಿಸಿತ್ತು, ಮಕ್ಕಳ ಕಲಿಕೆಯೂ ಸುಧಾರಿಸಿತ್ತು. ಆದರೆ ಕಾರ್ಯಕ್ರಮ ದೊಡ್ಡದಾದಂತೆ ಪರಿಣಾಮ ತೆಳ್ಳಗಾಗಿತ್ತು. ಹಾಲಿಗೆ ನೀರು ಹಾಕಿದ ಹಾಗೆ.

ಎರಡನೆಯ ತೊಂದರೆ ಭಯ. ನಮ್ಮಲ್ಲಿ ಯಾರಾದರೂ ತರಗತಿಯ ಹಿಂದೆ ಬಂದು ಕೂತರೆ ಅದು ಇನ್‌ಸ್ಪೆಕ್ಷನ್. ಭೇಟಿ ಪುಸ್ತಕದಲ್ಲಿ ಏನು ಬರೀತಾರೋ ಅಂತ ಶಿಕ್ಷಕರ ಅರ್ಧ ಗಮನ ಅಲ್ಲೇ. ನಾನು ಭೇಟಿ ಪುಸ್ತಕದಲ್ಲಿ ಬಂದ ದಿನಾಂಕ, ನೋಡಿದ ತರಗತಿ ಇಷ್ಟೇ ಬರೆದು, ಮಾತಾಡಿದ ವಿಷಯವನ್ನು ಶಿಕ್ಷಕರದೇ ನೋಟ್‌ಬುಕ್ಕಿನಲ್ಲಿ ಅವರ ಕೈಯಲ್ಲೇ ಬರೆಸುತ್ತಿದ್ದೆ. ಮಾಹಿತಿ ಅವರ ಹತ್ತಿರವೇ ಉಳಿಯುತ್ತದೆ ಅಂತ ಗೊತ್ತಾದ ಮೇಲೆ ನಿಜ ಹೇಳಲು ಶುರು ಮಾಡಿದರು.

ಇದನ್ನು ನಾನು ಕಲಿತದ್ದು ಒಂದು ತಪ್ಪು ಮಾಡಿ. ಒಮ್ಮೆ ಉತ್ಸಾಹದಲ್ಲಿ ಎಲ್ಲ ಶಾಲೆಗಳ ಓದಿನ ಮಟ್ಟವನ್ನು ಗೂಗಲ್ ಶೀಟ್‌ಗೆ ಹಾಕಿ, ಕೆಂಪು-ಹಳದಿ-ಹಸಿರು ಬಣ್ಣ ಬಳಿದು ಕ್ಲಸ್ಟರಿನ ವಾಟ್ಸಾಪ್ ಗುಂಪಿಗೆ ಬಿಟ್ಟೆ. ನೋಡಲು ಚೆನ್ನಾಗಿತ್ತು. ಮುಂದಿನ ತಿಂಗಳು ಕೆಂಪಿದ್ದ ಶಾಲೆಗಳೆಲ್ಲ ಹಸಿರಾದವು. ಹೋಗಿ ಓದಿಸಿ ನೋಡಿದರೆ ಮಕ್ಕಳು ಅಲ್ಲೇ ಇದ್ದರು, ಬಣ್ಣ ಮಾತ್ರ ಮುಂದೆ ಹೋಗಿತ್ತು. ಆ ಶೀಟ್ ಅಳಿಸಿ ಹಾಕಿದೆ.

ದೂರದಿಂದ ಕೋಚಿಂಗ್: ಫೋನ್, ವಾಟ್ಸಾಪ್, ವಿಡಿಯೊ ಕರೆ

ಸಿಆರ್‌ಪಿಗೆ ಸಮಯ ಇಲ್ಲ, ಊರು ದೂರ, ಪೆಟ್ರೋಲ್ ದುಬಾರಿ. ಹಾಗಾದರೆ ಫೋನಿನಲ್ಲೇ ಮಾಡಬಹುದಲ್ವಾ? ಎಲ್ಲರೂ ಕೇಳುವ ಪ್ರಶ್ನೆ.

ಇದಕ್ಕೂ ದಕ್ಷಿಣ ಆಫ್ರಿಕಾದಲ್ಲೇ ಉತ್ತರ ಹುಡುಕಿದ್ದಾರೆ. ಎಂಪುಮಲಂಗಾ ಪ್ರಾಂತ್ಯದಲ್ಲಿ ಎರಡನೇ ಭಾಷೆಯಾಗಿ ಇಂಗ್ಲಿಷ್ ಹೇಳಿಕೊಡುವ ಶಿಕ್ಷಕರಲ್ಲಿ ಒಂದು ಗುಂಪಿಗೆ ಕೋಚ್ ಶಾಲೆಗೇ ಬಂದರು. ಇನ್ನೊಂದು ಗುಂಪಿಗೆ ಟ್ಯಾಬ್, ಫೋನ್ ಮೂಲಕ ಕೋಚಿಂಗ್. ಮೂರು ವರ್ಷ ಆದ ಮೇಲೆ, ಶಾಲೆಗೆ ಬಂದ ಕೋಚ್‌ಗಳಿಂದ ಮಕ್ಕಳ ಇಂಗ್ಲಿಷ್ ಮಾತು 0.31, ಓದು 0.13 ಮಾನಕ ವಿಚಲನೆಯಷ್ಟು ಸುಧಾರಿಸಿತ್ತು. ದೂರದ ಕೋಚಿಂಗ್‌ನಿಂದ ಮಾತು 0.12 ಸುಧಾರಿಸಿತು, ಓದು ಏನೂ ಸುಧಾರಿಸಲಿಲ್ಲ. ಅದಕ್ಕಿಂತ ಕೆಟ್ಟದ್ದು, ಮಕ್ಕಳ ಮನೆಮಾತಿನ ಓದು-ಬರಹ ಹಿಂದೆ ಬಿತ್ತು. ಇಂಗ್ಲಿಷಿನ ಕೆಲಸ ಮನೆಮಾತಿನ ಪಾಠದ ಸಮಯವನ್ನು ತಿಂದುಹಾಕಿತ್ತು. ಟ್ಯಾಬ್ ಕೆಲಸ ಮಾಡಲಿಲ್ಲ ಅನ್ನುವಂತೆಯೂ ಇಲ್ಲ, ತಾಂತ್ರಿಕ ತೊಂದರೆ ಅಡ್ಡ ಬಂದಿರಲಿಲ್ಲ. ಎದುರಿಗೆ ಒಬ್ಬರು ಬರುತ್ತಾರೆ ಅಂದಾಗ ಬರುವ ಜವಾಬ್ದಾರಿ, ಸಿಗುವ ಧೈರ್ಯ ಇವೆರಡೂ ಪರದೆಯ ಮೇಲೆ ಬರಲಿಲ್ಲ.

ಆ ಮನೆಮಾತಿನ ವಿಷಯವನ್ನು ಕರ್ನಾಟಕದಲ್ಲಿ ಇಂಗ್ಲಿಷ್ ಕೋಚಿಂಗ್ ಯೋಜನೆ ಮಾಡುವವರು ಗೋಡೆಗೆ ಅಂಟಿಸಿಕೊಳ್ಳಬೇಕು. ಒಂದೇ ಶಿಕ್ಷಕರು ಎರಡೂ ಭಾಷೆ ಹೇಳಿಕೊಡುವ ಶಾಲೆಯಲ್ಲಿ ನೀವು ಇಂಗ್ಲಿಷಿಗೆ ಒತ್ತು ಕೊಟ್ಟರೆ ಯಾವ ಪೀರಿಯಡ್ ಸೊರಗುತ್ತದೆ ಅಂತ ಬೇರೆ ಹೇಳಬೇಕಾ?

ಹಾಗಂತ ವಾಟ್ಸಾಪ್ ಬೇಡ ಅನ್ನುತ್ತಿಲ್ಲ. ಎರಡು ಭೇಟಿಗಳ ನಡುವಿನ ಹದಿನೈದು ದಿನಕ್ಕೆ ಅದು ಚೆನ್ನಾದ ಸೇತುವೆ. ಶಿಕ್ಷಕರು ಒಂದು ಮಗುವಿನ ಒಂದು ನಿಮಿಷದ ಓದು ಕಳಿಸುತ್ತಾರೆ. ನಾನು ರಾತ್ರಿ ಕೇಳಿ, ಒಂದೇ ಮಾತು ವಾಯ್ಸ್ ಮೆಸೇಜ್ ಕಳಿಸುತ್ತೇನೆ. "ಮೇಡಂ, 18ನೇ ಸೆಕೆಂಡಿನಲ್ಲಿ ಅವನು ನಿಂತಾಗ ನೀವು ಪದ ಹೇಳಿಬಿಟ್ರಿ. ಮುಂದಿನ ಸಲ ಐದು ಎಣಿಸಿ ನೋಡೋಣ." ಇಷ್ಟೇ. ಮುಖಪರಿಚಯ, ನಂಬಿಕೆ ಮೊದಲೇ ಇದ್ದರೆ ಮಾತ್ರ ಇದು ನಡೆಯುತ್ತದೆ. ಹತ್ತು ಸಲಹೆ ಟೈಪ್ ಮಾಡಿ ಕಳಿಸಿದರೆ ಎರಡು ನೀಲಿ ಟಿಕ್ ಬರುತ್ತದೆ, ಒಂದು ನಮಸ್ಕಾರದ ಇಮೋಜಿ ಬರುತ್ತದೆ, ಅಲ್ಲಿಗೆ ಮುಗಿಯಿತು.

ಹೊರದೇಶದಲ್ಲಿ ವಾರದ ಕೊನೆಗೆ ಕನ್ನಡ ಹೇಳಿಕೊಡುವವರಿಗೆ ಬೇರೆ ದಾರಿಯೇ ಇಲ್ಲ, ಅವರು ದೂರದ ಕೋಚಿಂಗನ್ನೇ ನಂಬಬೇಕು. ಹಾಗಾದರೆ ಮೊದಲ ಒಂದು ಸಲವಾದರೂ ಎದುರು ಕೂತು ಮಾತಾಡುವ ಏರ್ಪಾಡು ಮಾಡಿಕೊಳ್ಳಿ.

ದೀಕ್ಷಾ ಕೋರ್ಸುಗಳು

ಬೇಗ ಮುಗಿಸುತ್ತೇನೆ. 2017ರಲ್ಲಿ ಶುರುವಾದ, ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕೆಯ ವೇದಿಕೆ ದೀಕ್ಷಾದಲ್ಲಿ ಕನ್ನಡದಲ್ಲೇ ಕೋರ್ಸುಗಳಿವೆ. ಕೊರೊನಾ ಕಾಲದಲ್ಲಿ ದೇಶದ ಶಿಕ್ಷಕರಿಗೆಲ್ಲ ನಡೆಯುವ ನಿಷ್ಠಾ ತರಬೇತಿಯೂ ಅಲ್ಲಿಗೇ ಬಂತು. ಪ್ರಮಾಣಪತ್ರ ಸಿಗುತ್ತದೆ. ಒಂದು ನಿರ್ದಿಷ್ಟ ವಿಷಯ ತಿಳಿಯಬೇಕು ಅನ್ನಿಸಿದಾಗ ಹುಡುಕಿ ನೋಡಲು ಒಳ್ಳೆಯದು. ಎಲ್ಲರಿಗೂ ಕಡ್ಡಾಯ ಮಾಡಿದರೆ ವಿಡಿಯೊ ಓಡಿಸಿಟ್ಟು ಅಡುಗೆ ಮಾಡುವವರಿರುತ್ತಾರೆ. ನಾನೂ ಒಮ್ಮೆ ಚಪಾತಿ ಲಟ್ಟಿಸಿದ್ದೇನೆ. ಕೋಚಿಂಗ್‌ಗೆ ಇದು ಪರ್ಯಾಯ ಅಲ್ಲ. ಕೋಚ್ ಆದವರು ಶಿಕ್ಷಕರಿಗೆ "ಈ ಆರು ನಿಮಿಷದ್ದು ನೋಡಿ, ಮುಂದಿನ ವಾರ ಮಾತಾಡೋಣ" ಅಂತ ಕೈಗೆ ಕೊಡುವ ಸಾಮಗ್ರಿ.

ಸಮಾಲೋಚನಾ ಸಭೆ

ಇದು ನಮ್ಮ ಕೈಯಲ್ಲೇ ಇದ್ದೂ ನಾವು ಹಾಳು ಮಾಡುತ್ತಿರುವ ಆಯ್ಕೆ. ಕ್ಲಸ್ಟರಿನ ಶಿಕ್ಷಕರೆಲ್ಲ ಒಂದು ಕಡೆ ಸೇರುವ ದಿನ ಅರ್ಧ ಸಮಯ ಸುತ್ತೋಲೆ ಓದೋದರಲ್ಲೇ ಹೋಗುತ್ತದೆ. ಸುತ್ತೋಲೆಯನ್ನು ಗುಂಪಿಗೆ ಕಳಿಸಬಹುದು. ಆ ಒಂದು ಗಂಟೆ ಉಳಿಸಿ, ಪ್ರತಿಯೊಬ್ಬರೂ ಒಂದು ಮಗುವಿನ ಒಂದು ರೆಕಾರ್ಡಿಂಗ್ ಅಥವಾ ಒಂದು ಬರವಣಿಗೆಯ ಪುಟ ತರಬೇಕು ಅಂತ ಮಾಡಿ. ಮಗುವಿನ ಹೆಸರು, ಶಾಲೆ ಹೇಳಬಾರದು. ನಾಲ್ಕು ನಾಲ್ಕು ಜನ ಕೂತು ಕೇಳಬೇಕು.

ಒಂದು ಸಭೆಯಲ್ಲಿ ಪಾವಗಡದಿಂದ ವರ್ಗವಾಗಿ ಬಂದಿದ್ದ ಮೇಷ್ಟ್ರೊಬ್ಬರು ಒಂದು ಆಡಿಯೊ ಕೇಳಿ, "ಈ ಮಗುವಿನ ಮನೇಲಿ ತೆಲುಗು ಮಾತಾಡ್ತಾರೆ, ಅಲ್ವಾ?" ಅಂದರು. ಹೌದು ಅಂತ ಆಮೇಲೆ ಗೊತ್ತಾಯಿತು. ಮಗು ಓದಿದ್ದು ಸರಿಯಾಗಿತ್ತು, ಅರ್ಥ ಕೇಳಿದಾಗ ಮಾತ್ರ ಸುಮ್ಮನಾಗಿತ್ತು. ಅದರ ಶಿಕ್ಷಕಿ ಒಂದು ತಿಂಗಳಿಂದ ಅಕ್ಷರ ತಿದ್ದಿಸುತ್ತಿದ್ದರು. ಬೇಕಾಗಿದ್ದದ್ದು ಪದಗಳು, ಮಾತು. ಗಡಿ ತಾಲ್ಲೂಕಿನ ಅನುಭವ ಇದ್ದವರ ಕಿವಿಗೆ ಅರೆ ನಿಮಿಷದಲ್ಲಿ ಸಿಕ್ಕಿದ್ದು ನನಗಾಗಲಿ ಯಾವ ಶೀಟ್‌ಗಾಗಲಿ ಸಿಕ್ಕಿರಲಿಲ್ಲ.

ಸಾಧನ ಯಾವುದು?

ಕೋಚಿಂಗ್ ಹೇಗೆ ಅಂತ ನಿರ್ಧಾರ ಆದ ಮೇಲೆ ಸಾಧನದ ಮಾತು. ನಮ್ಮಲ್ಲಿ ಉಲ್ಟಾ ನಡೆಯುತ್ತದೆ. ಮೊದಲು ಆ್ಯಪ್ ಬರುತ್ತದೆ, ಆಮೇಲೆ ಅದಕ್ಕೊಂದು ಕೆಲಸ ಹುಡುಕುತ್ತೇವೆ.

ಒಂದರಿಂದ ಮೂರನೇ ತರಗತಿಗೆ ಹೊಸದೇನೂ ಬೇಡ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ, ಮಗು ತನ್ನ ವೇಗದಲ್ಲಿ ಚಟುವಟಿಕೆ ಮಾಡುತ್ತ ಕಲಿಯುವ ನಲಿಕಲಿ ತರಗತಿಯ ಗೋಡೆಯ ಮೇಲೆಯೇ ಮಾಹಿತಿ ಇದೆ. ಕಲಿಕಾ ಏಣಿಯಲ್ಲಿ ಯಾವ ಮಗು ಎಲ್ಲಿದೆ, ಪ್ರಗತಿನೋಟದಲ್ಲಿ ಯಾವ ಮೈಲಿಗಲ್ಲಿನಲ್ಲಿ ಎಷ್ಟು ದಿನ ನಿಂತಿದೆ, ಎಲ್ಲ ಗೊತ್ತಾಗುತ್ತದೆ. ಮಗುವಿಗೂ ಗೊತ್ತು. ಕೋಚ್ ಮಾಡಬೇಕಾದ್ದು ಆ ಗೋಡೆಯ ಮುಂದೆ ಶಿಕ್ಷಕರ ಜೊತೆ ಐದು ನಿಮಿಷ ನಿಂತು, "ಇವನು ಇಲ್ಲಿ ಮೂರು ವಾರದಿಂದ ಯಾಕೆ ನಿಂತಿದ್ದಾನೆ?" ಅಂತ ಕೇಳೋದು.

ನಾಲ್ಕು, ಐದಕ್ಕೆ ನೋಟ್‌ಬುಕ್ ಮತ್ತು ವಾಯ್ಸ್ ರೆಕಾರ್ಡರ್ ಸಾಕು. ಮಟ್ಟ ಗುರುತಿಸಲು, ಹಳ್ಳಿ ಮಕ್ಕಳ ಕಲಿಕೆ ಅಳೆಯುವ ಅಸರ್ ಸಮೀಕ್ಷೆಯ ಪರೀಕ್ಷೆಯ ಹಾಗೆ ಅಕ್ಷರ, ಪದ, ವಾಕ್ಯವೃಂದ, ಕಥೆ ಅಂತ ಒಬ್ಬೊಬ್ಬರನ್ನೇ ಓದಿಸುವ ಕ್ರಮ ಚೆನ್ನಾಗಿದೆ. ಆದರೆ ಕನ್ನಡಕ್ಕೆ ಅದು ಅರ್ಧ ದಾರಿ ಮಾತ್ರ. "ಅಕ್ಷರ" ಮತ್ತು "ಪದ"ದ ನಡುವೆ ಕಾಗುಣಿತ, ಒತ್ತಕ್ಷರದ ದೊಡ್ಡ ಕಾಡೇ ಇದೆ. ಕನ್ನಡದ ಮಕ್ಕಳು ಅಕ್ಷರಗಳನ್ನು ಕಲಿಯುವ ವೇಗದ ಬಗ್ಗೆ ಸಂಶೋಧಕಿ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳಿದ್ದು ಇದನ್ನೇ. ಇಂಗ್ಲಿಷಿನ 26 ಅಕ್ಷರದ ಹಾಗೆ ಒಂದೆರಡು ವರ್ಷದಲ್ಲಿ ಮುಗಿಯುವ ಕೆಲಸ ಇದಲ್ಲ, ನಾಲ್ಕನೇ ತರಗತಿಯಲ್ಲೂ ನಡೆಯುತ್ತಿರುತ್ತದೆ. ಹಾಗಾಗಿ ನಿಮ್ಮ ಹಾಳೆಯಲ್ಲಿ ಕಾಗುಣಿತ, ಸಜಾತೀಯ ಒತ್ತು, ವಿಜಾತೀಯ ಒತ್ತು, ಅರ್ಕಾವೊತ್ತು ಬೇರೆ ಬೇರೆ ಕಲಂ ಆಗಿರಲಿ.

ನಿಮಿಷಕ್ಕೆ ಎಷ್ಟು ಪದ ಅನ್ನೋ ಲೆಕ್ಕವನ್ನೂ ಕಣ್ಣುಮುಚ್ಚಿ ಇಂಗ್ಲಿಷಿನಿಂದ ತರಬೇಡಿ. "ಮನೆಯಲ್ಲಿದ್ದವರಿಗೆಲ್ಲ" ಅನ್ನೋದು ನಮಗೆ ಒಂದು ಪದ. ಇಂಗ್ಲಿಷಿನಲ್ಲಿ ಅದು ಒಂದಿಡೀ ಸಾಲಿನ ಕೆಲಸ.

ಮಕ್ಕಳ ಓದನ್ನು ತಾನೇ ಕೇಳಿ ಅಂಕ ಕೊಡುವ ಆ್ಯಪ್‌ಗಳು ಈಗ ಬರುತ್ತಿವೆ. ನಾನು ಬಳಸಿ ನೋಡಿದ ಒಂದು ಆ್ಯಪ್ ನಮ್ಮ ಮಕ್ಕಳ "ಆವು", "ಅಣ್ಣು" ಎಲ್ಲಕ್ಕೂ ತಪ್ಪು ಹಾಕಿತು. ನಮ್ಮ ಕಡೆ ದೊಡ್ಡವರೂ ಹಾವಿಗೆ ಆವು ಅನ್ನುತ್ತಾರೆ. ಮಗು ಹ ಅಕ್ಷರವನ್ನು ಗುರುತಿಸಿದೆಯೋ ಇಲ್ಲವೋ ಅಂತ ಅದರಿಂದ ತಿಳಿಯೋದಿಲ್ಲ. "ಹ ತೋರಿಸು ನೋಡೋಣ" ಅಂತ ಕೇಳಿದರೆ ತಿಳಿಯುತ್ತದೆ. ಇಂಥ ಆ್ಯಪ್ ಅಭ್ಯಾಸಕ್ಕೆ ಇರಲಿ. ಅದರ ಅಂಕವನ್ನು ಶಿಕ್ಷಕರ ಜೊತೆಗಿನ ಮಾತಿಗೆ ಆಧಾರ ಮಾಡಬೇಡಿ.

ಗುಂಪು ಮಾಡಿದ ಮೇಲೆ ಓದಲು ಏನು ಕೊಡೋದು? ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್‌ನಲ್ಲಿ ಮಟ್ಟಕ್ಕೆ ತಕ್ಕ ಕನ್ನಡ ಕಥೆಗಳು ಪುಕ್ಕಟೆ ಸಿಗುತ್ತವೆ. ನನ್ನ ಪ್ರಕಾರ ತಂತ್ರಜ್ಞಾನದಿಂದ ಕನ್ನಡ ಶಿಕ್ಷಕರಿಗೆ ಆಗಿರುವ ದೊಡ್ಡ ಉಪಕಾರ ಡ್ಯಾಶ್‌ಬೋರ್ಡ್‌ಗಿಂತ ಇದೇ.

ಹೈಸ್ಕೂಲಿನ ಲೆಕ್ಕ ಬೇರೆ. ಅಲ್ಲಿ ಸ್ಪ್ರೆಡ್‌ಶೀಟ್ ನಿಜವಾಗಿ ಕೆಲಸಕ್ಕೆ ಬರುತ್ತದೆ. ಎಸ್‌ಎಸ್‌ಎಲ್‌ಸಿ ಪೂರ್ವಸಿದ್ಧತಾ ಪರೀಕ್ಷೆ ಆದ ಮೇಲೆ ಪ್ರಥಮ ಭಾಷೆಯ ಅಂಕವನ್ನು ಒಟ್ಟಾಗಿ ನೋಡುವ ಬದಲು ಪ್ರಶ್ನೆವಾರು ಹಾಕಿ. ವ್ಯಾಕರಣದಲ್ಲಿ ಹೋದವರು, ಪದ್ಯದ ಸಾರಾಂಶ ಬರೆಯದೇ ಬಿಟ್ಟವರು, ಪ್ರಬಂಧಕ್ಕೆ ಸಮಯ ಸಾಲದವರು, ಮೂರೂ ಗುಂಪಿಗೆ ಮೂರು ಬೇರೆ ಔಷಧ. ಕೋಚ್ ಆದವರು ಆ ಶೀಟ್ ಮಾಡಿಕೊಡಬಾರದು. ಶಿಕ್ಷಕರ ಪಕ್ಕ ಕೂತು ಅವರ ಕೈಯಲ್ಲಿ ಮಾಡಿಸಬೇಕು, ಒಂದು ಸೆಕ್ಷನ್ನಿಗೆ ಮಾತ್ರ.

ರೆಕಾರ್ಡಿಂಗ್ ಬಗ್ಗೆ ಒಂದು ಎಚ್ಚರಿಕೆ. 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣೆಯ ಕಾಯ್ದೆ ಹದಿನೆಂಟು ತುಂಬದವರನ್ನೆಲ್ಲ ಮಕ್ಕಳೆಂದೇ ನೋಡುತ್ತದೆ. ಕಾಯ್ದೆ ಪಕ್ಕಕ್ಕಿಡಿ, ತಡವರಿಸುತ್ತ ಓದುವ ಮಗುವಿನ ದನಿ ಐವತ್ತು ಜನರ ಗುಂಪಿನಲ್ಲಿ ಓಡಾಡೋದು ಸರಿಯಾ? ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಪೋಷಕರಿಗೆ ಹೇಳಿ, ಒಪ್ಪಿಗೆ ಪಡೆಯಿರಿ. ವಿಡಿಯೊ ಬೇಡ, ಆಡಿಯೊ ಸಾಕು. ಗುಂಪಿಗೆ ಹಾಕಬೇಡಿ. ತಿಂಗಳ ಕೊನೆಗೆ ಅಳಿಸಿ.

ಹಾಗಾದರೆ ಯಾವುದು?

ನೀವು ಎರಡು ಶಿಕ್ಷಕರ ಚಿಕ್ಕ ಶಾಲೆಯ ಹೆಚ್‌ಎಂ ಆಗಿದ್ದರೆ ಯಾರನ್ನೂ ಕಾಯಬೇಡಿ. ವಾರಕ್ಕೊಂದು ಪೀರಿಯಡ್ ಒಬ್ಬರು ಇನ್ನೊಬ್ಬರ ತರಗತಿಯ ಮೂರು ಮಕ್ಕಳನ್ನು ಓದಿಸಿ ಕೇಳಿ. ನೋಟ್‌ಬುಕ್ ಸಾಕು.

ಸಿಆರ್‌ಪಿ ಆಗಿದ್ದರೆ ಎಂಟು ಜನ, ಹದಿನೈದು ದಿನಕ್ಕೊಮ್ಮೆ ಭೇಟಿ, ನಡುವೆ ವಾಟ್ಸಾಪ್, ಉಳಿದವರಿಗೆ ಸಮಾಲೋಚನಾ ಸಭೆ. ಮುಂದಿನ ಅವಧಿಗೆ ಬೇರೆ ಎಂಟು ಜನ.

ತಾಲ್ಲೂಕು ಮಟ್ಟದಲ್ಲಿ ದುಡ್ಡು ಕೈಯಲ್ಲಿದ್ದರೆ ಮೂರು ದಿನದ ತರಬೇತಿಯನ್ನು ಒಂದು ದಿನಕ್ಕೆ ಇಳಿಸಿ, ಉಳಿದ ಎರಡು ದಿನದ ಖರ್ಚನ್ನು ಶಾಲೆಗೆ ಓಡಾಡುವವರ ಪೆಟ್ರೋಲಿಗೆ ಹಾಕಿ. ಆ ಒಂದು ದಿನದಲ್ಲೂ ಮಧ್ಯಾಹ್ನ ಪಕ್ಕದ ಶಾಲೆಗೆ ಹೋಗಿ ನಾಲ್ಕು ಮಕ್ಕಳನ್ನು ಓದಿಸಿ ಬನ್ನಿ.

ಹೊರಗಿನ ಸಂಸ್ಥೆಯವರಾದರೆ, ಹೊಸ ಫಾರ್ಮ್ ತರುವ ಮೊದಲು ಶಿಕ್ಷಕರು ಈಗಾಗಲೇ ಎಷ್ಟು ಕಡೆ ಅದೇ ಅಂಕ ತುಂಬುತ್ತಿದ್ದಾರೆ ಅಂತ ಎಣಿಸಿ. ನೀವು ಒಂದು ಸೇರಿಸುವುದಾದರೆ ಒಂದನ್ನಾದರೂ ಕಳೆಯಿರಿ.

ಮೊದಲ ಭೇಟಿಗೆ ಹೋಗುವಾಗ ಟ್ಯಾಬ್ ಒಯ್ಯಬೇಡಿ. ಒಂದು ರೂಲ್ ಹಾಳೆ, ಒಂದು ಪೆನ್ಸಿಲ್, ಮೂರನೇ ತರಗತಿ ಮಟ್ಟದ ಎಂಟು ಸಾಲು. ಮಗುವನ್ನು ಹೆಚ್‌ಎಂ ರೂಮಿಗೆ ಕರೆಸಬೇಡಿ, ಜಗಲಿಯೇ ವಾಸಿ. ಹಾಳೆಯನ್ನು ಮಗುವಿಗೆ ಕಾಣುವ ಹಾಗೆ ಹಿಡಿದು ತಪ್ಪು ಗುರುತು ಹಾಕಬೇಡಿ. ಓದಿ ಮುಗಿಸಿದ ಮೇಲೆ ಹಾಳೆಯನ್ನು ಶಿಕ್ಷಕರ ಕೈಗೇ ಕೊಟ್ಟು ಬನ್ನಿ.